ಇಂಗಾಲದ ಸೌಟು

ಸ್ಯಾಂಪಲ್ ಕೊಡಲು ಅವರು ಯಾರನ್ನೂ ಕಳಿಸಲಿಲ್ಲ, ತಾವೇ ಬಂದರು. ಏಪ್ರಿಲ್ ಬಿಸಿಲಿನಲ್ಲಿ ಕ್ಯಾಂಪಸ್ಸಿನ ಆ ತುದಿಯ ರಸಾಯನಶಾಸ್ತ್ರದ ಕಟ್ಟಡದಿಂದ ನಮ್ಮ ಕಟ್ಟಡದವರೆಗೆ ನಡೆದು, ಅಂಗಿಯ ಜೇಬನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು. ಎದೆನೋವೇನೋ ಎಂದು ನಾನು ಗಾಬರಿಯಾಗಿ ಎದ್ದೆ. ಅವರು ಜೇಬಿನಿಂದ ಹತ್ತಿಯಲ್ಲಿ ಸುತ್ತಿದ ಕಂದು ಗಾಜಿನ ಪುಟ್ಟ ಸೀಸೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ತಳದಲ್ಲಿ ಎರಡು ಚಿಟಿಕೆಯಷ್ಟು ಹಳದಿ ಪುಡಿ ಇತ್ತು.

"ಎಷ್ಟ ದಿನದಾಗ ಮುಗಸ್ತೀರಿ ಮೇಡಂ ಇದನ್ನ?"

"ಮುಗಿಸೋದಲ್ಲ ಸರ್, ಅಳೀತೀವಿ."

"ಅಳದ ಮ್ಯಾಲ ಎಷ್ಟ ಉಳೀತೈತಿ?"

"ಏನೂ ಉಳಿಯಲ್ಲ."

"ಅದ ನಾ ಕೇಳಿದ್ದು," ಎಂದು ಸ್ಟೂಲು ಎಳೆದುಕೊಂಡು ಕೂತರು.

ಅವರು ರಾಯಚೂರು ಕಡೆಯವರು. ಇಂಗಾಲದ ಉಂಗುರಗಳನ್ನು ಒಂದಕ್ಕೊಂದು ಹೆಣೆದು ಹೊಸ ಹೊಸ ಅಣುಗಳನ್ನು ಕಟ್ಟುವುದರಲ್ಲೇ ಆಯುಷ್ಯ ಕಳೆದ ರಸಾಯನಶಾಸ್ತ್ರಜ್ಞರು. ನಾನು ಮೈಸೂರಿನವಳು. ಅಣುಗಳು ಗಿರಗಿರನೆ ತಿರುಗುವಾಗ ಹೊಮ್ಮಿಸುವ ರೇಡಿಯೊ ಅಲೆಗಳನ್ನು ಅಳೆಯುವುದು ನನ್ನ ಕೆಲಸ. ಹೈದರಾಬಾದಿನ ತಾರ್ನಾಕದ ಪಕ್ಕದ ಆ ಕ್ಯಾಂಪಸ್ಸಿನಲ್ಲಿ ವರ್ಷಗಟ್ಟಲೆ ಒಬ್ಬರನ್ನೊಬ್ಬರು ನೋಡಿದ್ದರೂ ಇಬ್ಬರೂ ಕನ್ನಡದವರೆಂದು ಗೊತ್ತಾದದ್ದು ಒಂದು ಮುಗಿಯದ ಸಭೆಯಲ್ಲಿ. ಪಕ್ಕದ ಕುರ್ಚಿಯಿಂದ "ಚಾ ಕೊಡೂದು ಮರತೇಬಿಟ್ಟಾರಲ್ಲೋ ಇವರು" ಎಂಬ ಗೊಣಗು ಕೇಳಿ ನಾನು ನಕ್ಕೆ. ಅವತ್ತಿನಿಂದ ಅವರು ನನ್ನನ್ನು ಕಂಡಾಗಲೆಲ್ಲ ತೆಲುಗನ್ನು ಬದಿಗಿಟ್ಟು ರಾಯಚೂರಿನ ಮಾತಿಗಿಳಿಯುತ್ತಿದ್ದರು.

ಆ ಪುಡಿ ಏನೆಂದು ಹೇಳಬೇಕು. ನಕ್ಷತ್ರಗಳ ನಡುವಿನ ತಣ್ಣನೆಯ ಮೋಡಗಳಲ್ಲಿ ಇಂಗಾಲದ ದೊಡ್ಡ ಅಣುಗಳಿವೆ ಎನ್ನುವುದರಲ್ಲಿ ಈಗ ಅನುಮಾನ ಉಳಿದಿಲ್ಲ. ಬಾಹ್ಯಾಕಾಶದಲ್ಲಿ ಅರವತ್ತು ಇಂಗಾಲಗಳ ಚೆಂಡಿನಂಥ ಅಣು ಸಿಕ್ಕಿದೆ. ಕೆಲವೇ ಉಂಗುರಗಳ ಚಪ್ಪಟೆ ಅಣುಗಳೂ ಸಿಕ್ಕಿವೆ. ಚಪ್ಪಟೆಯಾದದ್ದು ಚೆಂಡಾಗುವ ದಾರಿಯಲ್ಲಿ ನಡುವೆ ಏನಿರಬೇಕು? ಅರ್ಧ ಬಾಗಿದ್ದು, ಅಂದರೆ ಬಟ್ಟಲು. ಇಪ್ಪತ್ತು ಇಂಗಾಲಗಳ ಅಂಥದೊಂದು ಬಟ್ಟಲಿಗೆ ಕೊರಾನ್ಯುಲೀನ್ ಎಂದು ಹೆಸರು. ಬರೀ ಬಟ್ಟಲಿನ ದನಿ ಸಣ್ಣದು, ಅಷ್ಟು ದೂರದಿಂದ ದೂರದರ್ಶಕಕ್ಕೆ ಕೇಳುವುದು ಕಷ್ಟ. ಅದರ ಅಂಚಿಗೆ ಮೂರು ಇಂಗಾಲ, ಒಂದು ಸಾರಜನಕದ ನೆಟ್ಟನೆಯ ಬಾಲವೊಂದನ್ನು ಅಂಟಿಸಿದರೆ ದನಿ ಎಷ್ಟೋ ಪಟ್ಟು ಜೋರಾಗುತ್ತದೆ. ಅಂಥ ಬಾಲಗಳು ಆ ಮೋಡಗಳಲ್ಲಿ ಧಾರಾಳವಾಗಿವೆ. ಬಟ್ಟಲಿಗೆ ಉದ್ದ ಹಿಡಿಕೆ ಬಂದರೆ ಏನಾಗುತ್ತದೋ ಅದೇ ನಮ್ಮ ಅಣುವಿನ ಅಡ್ಡಹೆಸರು: ಸೌಟು. ನಲ್ಗೊಂಡ ಕಡೆಯ ನನ್ನ ಸಂಶೋಧನಾ ವಿದ್ಯಾರ್ಥಿನಿ ಅದನ್ನು ತನ್ನ ತೆಲುಗಿನಲ್ಲಿ 'ಗರಿಟೆ' ಎನ್ನುತ್ತಿದ್ದಳು.

ಆಕಾಶದಲ್ಲಿ ಸೌಟಿದೆಯೇ ಎಂದು ನೋಡಬೇಕಾದರೆ ಅದರ ಗೆರೆಗಳು, ಅಂದರೆ ದನಿಯ ಗುರುತುಗಳು, ಯಾವ ಯಾವ ಆವರ್ತನದಲ್ಲಿ ಬೀಳುತ್ತವೆಂದು ಮೊದಲು ಭೂಮಿಯ ಮೇಲೆ ಯಾರಾದರೂ ಅಳೆದು ಹೇಳಬೇಕು. ನಮಗೆ ಗೊತ್ತಿದ್ದ ಮಟ್ಟಿಗೆ ಯಾರೂ ಅಳೆದಿರಲಿಲ್ಲ, ಏಕೆಂದರೆ ಯಾರ ಬಳಿಯೂ ಪುಡಿ ಇರಲಿಲ್ಲ. ಬೇರೆ ಊರಿನ ಖಗೋಳ ವಿಜ್ಞಾನಿಗಳ ಗುಂಪೊಂದಕ್ಕೆ ಜುಲೈಯಲ್ಲಿ ದೊಡ್ಡ ರೇಡಿಯೊ ದೂರದರ್ಶಕವೊಂದರ ಸರದಿ ಸಿಕ್ಕಿತ್ತು. ಅಷ್ಟರೊಳಗೆ ನಾವು ಆವರ್ತನಗಳನ್ನು ಕೊಡಬೇಕು. ನನ್ನ ವಿದ್ಯಾರ್ಥಿನಿಯ ಪ್ರಬಂಧದ ಕೊನೆಯ ಅಧ್ಯಾಯವೂ ಅದೇ. ಇನ್ನು ಪುಡಿ ತಯಾರಿಸಿದ ಅವರು ಮಳೆಗಾಲ ಮುಗಿಯುವಷ್ಟರಲ್ಲಿ ನಿವೃತ್ತರಾಗುವವರಿದ್ದರು. ಅವರ ಪ್ರಯೋಗಾಲಯ ಆಗಲೇ ಬೇರೆ ಗುಂಪಿಗೆ ಹಂಚಿಕೆಯಾಗಿತ್ತು. ಬಟ್ಟಲು ಮಾಡುವ ಮೂಲ ಸಾಮಗ್ರಿಯ ಕೊನೆಯ ಡಬ್ಬಿ ಇದೇ ಪುಡಿಗೆ ಖರ್ಚಾಗಿತ್ತು. ಇದು ಹೋದರೆ ಇನ್ನೊಂದಿಲ್ಲ.

"ಒಂದ ಮಾತ ನೆನಪಿರ್ಲಿ," ಎಂದರು ಹೊರಡುವಾಗ. "ಬಟ್ಟಲ ಗಟ್ಟಿ ಐತಿ. ಆ ಬಾಲ ಭಾಳ ನಾಜೂಕರಿ. ಕಾವು ತಡಿಯಂಗಿಲ್ಲ ಅಂತ ನನ್ನ ಅನುಮಾನ."

ಅನುಮಾನ ಎಂದರು. ನಮ್ಮ ಲೆಕ್ಕಾಚಾರಗಳ ಪ್ರಕಾರ ತಡೆಯಬೇಕಿತ್ತು.

ನಮ್ಮ ಯಂತ್ರ ನೋಡಲು ಉಕ್ಕಿನ ದೊಡ್ಡ ಹಂಡೆಯ ಹಾಗಿದೆ. ಒಳಗಿನ ಗಾಳಿಯನ್ನೆಲ್ಲ ಪಂಪುಗಳು ಹೀರಿ ತೆಗೆದಿರುತ್ತವೆ. ಒಂದು ಪಕ್ಕದಲ್ಲಿ ಸೂಜಿಮೊನೆಯಷ್ಟು ರಂಧ್ರವಿರುವ ನಾಝಲ್. ಪುಡಿಯನ್ನು ನಾಝಲಿನ ಹಿಂದಿನ ಗೂಡಿನಲ್ಲಿಟ್ಟು ಕಾಯಿಸಿ, ಎದ್ದ ಆವಿಯನ್ನು ನಿಯಾನ್ ಅನಿಲದ ಜೊತೆ ಹಂಡೆಯೊಳಗೆ ಚಿಮ್ಮಿಸುತ್ತೇವೆ. ಚಿಮ್ಮಿದ ಕ್ಷಣದಲ್ಲೇ ಅನಿಲ ಹರಡಿಕೊಂಡು ಆ ಆಕಾಶದ ಮೋಡಗಳಷ್ಟೇ ತಣ್ಣಗಾಗಿಬಿಡುತ್ತದೆ. ಆಗ ಮೈಕ್ರೋವೇವಿನ ಒಂದು ತಟ್ಟು ಕೊಟ್ಟರೆ ಅಣುಗಳು ತಮ್ಮ ತಮ್ಮ ಆವರ್ತನದಲ್ಲಿ ಪ್ರತಿದನಿ ಕೊಡುತ್ತವೆ. ಒಂದು ತಟ್ಟಿಗೆ ಸಿಗುವುದು ಪಿಸುಮಾತು ಮಾತ್ರ. ಸಾವಿರಾರು ತಟ್ಟುಗಳನ್ನು ಕೂಡಿಸಿದಾಗ ಗದ್ದಲದ ನಡುವಿನಿಂದ ಗೆರೆ ಮೇಲೇಳುತ್ತದೆ.

ಮೊದಲು ಅವರು ಹಿಂದೆಯೇ ಕೊಟ್ಟಿದ್ದ ಬಾಲವಿಲ್ಲದ ಬರೀ ಬಟ್ಟಲಿನ ಚೂರನ್ನು ಹಾಕಿ ಕೈ ಪಳಗಿಸಿಕೊಂಡೆವು. ಅದು ಸೊಗಸಾಗಿ ಬಂತು. ಬಟ್ಟಲು ಸುತ್ತಲೂ ಒಂದೇ ಆಕಾರವಾದ್ದರಿಂದ ಅದರ ಗೆರೆಗಳು ಬಾಚಣಿಗೆಯ ಹಲ್ಲಿನಂತೆ ಸಮ ಅಂತರದಲ್ಲಿ ನಿಲ್ಲುತ್ತವೆ. ಆ ಚಿತ್ರವನ್ನು ವಿದ್ಯಾರ್ಥಿನಿ ಮುದ್ರಿಸಿ ಗೋಡೆಗೆ ಅಂಟಿಸಿದಳು. ಆಮೇಲೆ ಸೌಟಿನ ಪುಡಿಯಲ್ಲಿ ಮೂರರಲ್ಲೊಂದು ಪಾಲನ್ನು ಗೂಡಿಗೆ ಹಾಕಿ ಬಾಗಿಲು ಮುಚ್ಚಿದೆವು.

ಮೇ ತಿಂಗಳ ಹೈದರಾಬಾದು ನಿರ್ವಾತದ ಯಂತ್ರಗಳಿಗೆ ಹೇಳಿದ ಜಾಗವಲ್ಲ. ಪಂಪುಗಳನ್ನು ತಂಪಾಗಿಡುವ ಚಿಲ್ಲರ್ ನಮ್ಮ ಕಟ್ಟಡದ ತಾರಸಿಯ ಮೇಲಿದೆ. ಮಧ್ಯಾಹ್ನವಾದರೆ ಅದಕ್ಕೇ ಜ್ವರ. ವೋಲ್ಟೇಜ್ ಒಂದಿಷ್ಟು ಕುಸಿದರೂ ನಿಂತುಬಿಡುತ್ತಿತ್ತು. ನಿಂತಾಗಲೆಲ್ಲ ಪಂಪುಗಳನ್ನು ಆರಿಸಿ, ನಾಝಲ್ ತಣಿಸಿ, ಮತ್ತೆ ಮೊದಲಿನಿಂದ. ಕೊನೆಗೆ ನಾವು ಬೆಳಗಿನ ತಂಪಿನಲ್ಲಿ ಶುರುಮಾಡಿ, ಬಿಸಿಲೇರುವ ಮುಂಚೆ ಮುಗಿಸುವುದನ್ನು ರೂಢಿಸಿಕೊಂಡೆವು. ನಾರಾಯಣಗೂಡದ ಮನೆಯಿಂದ ನಾನು ಮೊದಲ ಬಸ್ಸಿಗೆ ಬರುವಷ್ಟರಲ್ಲಿ ಹುಡುಗಿ ಪಂಪು ಹಾಕಿ ಕೂತಿರುತ್ತಿದ್ದಳು.

ಕಾವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋದೆವು. ಏನೂ ಕಾಣಲಿಲ್ಲ. ಇನ್ನಷ್ಟು ಏರಿಸಿದೆವು. ಆಗಲೂ ಪರದೆಯ ಮೇಲೆ ಬರೀ ಹುಲ್ಲು, ಅಂದರೆ ಗದ್ದಲದ ಗೆರೆಗಳು. "ಇನ್ನೂ ಏರಿಸೋಣವಾ?" ಎಂದು ಅವಳು ನನ್ನ ಮುಖ ನೋಡಿದಳು. ಇಬ್ಬರಿಗೂ ಅವರ ಮಾತು ನೆನಪಿತ್ತು. ಆದರೆ ಆವಿಯೇ ಆಗದಿದ್ದರೆ ಅಳೆಯುವುದೇನನ್ನು? ಏರಿಸಿದೆವು.

ಗೆರೆ ಎದ್ದಿತು. ಒಂದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ಹುಡುಗಿ ಚಪ್ಪಾಳೆ ತಟ್ಟಿದಳು. ನಾನು ಅವರಿಗೆ ಫೋನು ಮಾಡಿದೆ. ಅವರು ಬಿಸಿಲಿಗೆ ತಲೆಯ ಮೇಲೆ ಟವೆಲ್ ಹಾಕಿಕೊಂಡು ಓಡೋಡಿ ಬಂದರು. ಕನ್ನಡಕ ಒರೆಸಿಕೊಂಡು ಪರದೆಯ ಹತ್ತಿರ ಬಗ್ಗಿದರು.

"ಇದ ನಮ್ಮ ಸೌಟೇನ್ರಿ?"

"ಇದೇ ಸರ್."

"ಎಷ್ಟ ಚಂದ ಕಾಣ್ತೈತಲ್ಲ!" ಎಂದು ಎಷ್ಟೋ ಹೊತ್ತು ನೋಡುತ್ತ ನಿಂತರು. ತಾವು ಕಟ್ಟಿದ ಅಣು ಮಾತಾಡಿದ್ದನ್ನು ಅವರು ಮೊದಲ ಬಾರಿಗೆ ನೋಡುತ್ತಿದ್ದರು. ಎಲ್ಲರಿಗೂ ತಾವೇ ಚಹಾ ತರಿಸಿದರು.

ಅವರು ಹೋದ ಮೇಲೆ ವಿದ್ಯಾರ್ಥಿನಿ ಗೆರೆಗಳ ನಡುವಿನ ಅಂತರವನ್ನು ಅಳೆಯಲು ಕೂತಳು. ಸ್ವಲ್ಪ ಹೊತ್ತಿನಲ್ಲಿ ಎದ್ದು ಗೋಡೆಯ ಬಳಿ ಹೋಗಿ ಅಂಟಿಸಿದ್ದ ಹಳೆಯ ಚಿತ್ರವನ್ನು ಕಿತ್ತು ತಂದು ಪರದೆಯ ಪಕ್ಕದಲ್ಲಿ ಹಿಡಿದಳು. ಹಲ್ಲಿಗೆ ಹಲ್ಲು ಕೂಡುತ್ತಿತ್ತು.

"ಇದಿ ಗರಿಟೆ ಕಾದು ಮೇಡಂ. ಗಿನ್ನೆ," ಎಂದಳು. ಇದು ಸೌಟಲ್ಲ, ಬಟ್ಟಲು.

ಬಾಲ ಕಳಚಿ ಬಿದ್ದಿತ್ತು. ನಾವು ಅಳೆದದ್ದು ಅದರಿಂದ ಬೇರ್ಪಟ್ಟ ಬರೀ ಬಟ್ಟಲನ್ನು. ಯಂತ್ರ ತಣಿದ ಮೇಲೆ ಗೂಡು ತೆರೆದರೆ ಒಳಗೆ ಸೀದ ಬೆಲ್ಲದ ಪಾಕದಂಥ ಕಪ್ಪು ಅಂಟು. ಹಳದಿಯ ಒಂದು ಕಣವೂ ಇರಲಿಲ್ಲ.

ಮಾರನೆಯ ದಿನ ಅವರಿಗೆ ಹೇಳಲು ನಾನೇ ಹೋದೆ. ಅವರು ತಮ್ಮ ಪ್ರಯೋಗಾಲಯದ ತೊಟ್ಟಿಯ ಮುಂದೆ ನಿಂತು ಉದ್ದನೆಯ ಗಾಜಿನ ಕೊಳವೆಗಳನ್ನು ತೊಳೆಯುತ್ತಿದ್ದರು. ಕಪಾಟುಗಳು ಅರ್ಧ ಖಾಲಿಯಾಗಿದ್ದವು. ನಾನು ಹೇಳಿ ಮುಗಿಸುವವರೆಗೆ ನಲ್ಲಿ ನಿಲ್ಲಿಸಲಿಲ್ಲ. ಆಮೇಲೆ ನಿಲ್ಲಿಸಿದರು.

"ಅಂದ್ರ ನಾ ನಿನ್ನೆ ನೋಡಿ ಖುಷಿಪಟ್ಟಿದ್ದು?"

"ಬಟ್ಟಲು ಸರ್."

"ಬಟ್ಟಲ ನೋಡಾಕ ನಾ ಅಷ್ಟ ದೂರ ಬರಬೇಕಿತ್ತೇನ್ರಿ? ಅದು ನಿಮ್ಮ ಗ್ವಾಡಿ ಮ್ಯಾಲನ ಇತ್ತಲ್ಲ." ಕೈ ಒರೆಸಿಕೊಂಡರು. ಸಿಟ್ಟು ಇರಲಿಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು. "ಉಳದಿದ್ದು ಕೊಟ್ಟಬಿಡ್ರಿ ಮೇಡಂ. ಫ್ರಿಜ್‌ನ್ಯಾಗ ಭದ್ರ ಇರ್ಲಿ. ಮುಂದ ಯಾರರೆ ಶಾಣ್ಯಾರು ಬರ್ತಾರ."

ಆ 'ಶಾಣ್ಯಾರು' ನನಗೆ ನಾಟಿತು. ಆದರೆ ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಂಜೆಯೊಳಗೆ ಸೀಸೆಯನ್ನು ಒಯ್ದು ಕೊಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿ, ಫ್ರಿಜ್ಜಿನ ಮೇಲಿನ ಅರೆಯಲ್ಲಿಟ್ಟು ಬಾಗಿಲು ಹಾಕಿದರು.

ಹೀಗೆ ನಮ್ಮ ಬಳಿ ಯಂತ್ರವಿತ್ತು, ಸ್ಯಾಂಪಲ್ ಇರಲಿಲ್ಲ. ಒಂದು ವಾರ ನಾವಿಬ್ಬರೂ ಹಂಡೆಯನ್ನು ಬಿಚ್ಚಿ ಅಸಿಟೋನಿನಿಂದ ಒರೆಸಿ ಕಾಲ ಕಳೆದೆವು. ಕೈ ಕೆಲಸ ಮಾಡುತ್ತಿದ್ದಾಗ ತಲೆಯೂ ನಿಧಾನಕ್ಕೆ ತಿಳಿಯಾಯಿತು. ತೊಂದರೆ ಇದ್ದದ್ದು ಕಾವಿನಲ್ಲಿ ಎನ್ನುವುದಕ್ಕಿಂತ ಕಾವು ಹೆಚ್ಚು ಹೊತ್ತು ತಾಗಿದ್ದರಲ್ಲಿ. ಗೂಡಿನಲ್ಲಿ ಪುಡಿ ಗಂಟೆಗಟ್ಟಲೆ ಬೇಯುತ್ತಿತ್ತು. ಅದರ ಬದಲು ಲೇಸರಿನ ಒಂದೇ ಮಿಂಚಿನಿಂದ ಹೊಡೆದರೆ? ಬಾಲ ಬಿಸಿಯಾಗುವ ಮೊದಲೇ ಇಡೀ ಅಣು ಮೇಲಕ್ಕೆ ಹಾರಿ, ನಿಯಾನಿನಲ್ಲಿ ಸಿಕ್ಕಿ ತಣ್ಣಗಾಗುತ್ತದೆ. ಬೇರೆ ಸೂಕ್ಷ್ಮ ಅಣುಗಳಿಗೆ ಹಲವರು ಹೀಗೆ ಮಾಡಿದ್ದಾರೆ. ಹಳೆಯ ಯೋಜನೆಯೊಂದರ ಹಸಿರು ಲೇಸರ್ ನಮ್ಮಲ್ಲಿ ಮೂಲೆಯಲ್ಲಿತ್ತು. ಗ್ರಾಫೈಟಿನ ಕಡ್ಡಿಯೊಂದರ ಮೇಲೆ ಸ್ಯಾಂಪಲ್ ಕೂರಿಸಿ, ಕಡ್ಡಿಯನ್ನು ಮೆಲ್ಲಗೆ ತಿರುಗಿಸುತ್ತ, ನಾಝಲಿನ ಬಾಯಿಯಲ್ಲೇ ಹೊಡೆಯಬೇಕು. ಕಟ್ಟಲು, ಹೊಂದಿಸಲು ಕಾಲ ಬೇಕು. ಜುಲೈ ಹತ್ತಿರ ಬರುತ್ತಿತ್ತು.

ಅದೇ ಹೊತ್ತಿಗೆ ಖಗೋಳದ ಗುಂಪಿನ ಮುಖ್ಯಸ್ಥರು ಫೋನು ಮಾಡಿದರು. ಅವರ ಮಾತು ನ್ಯಾಯವಾಗಿಯೇ ಇತ್ತು. ಅಳತೆ ಆಗದಿದ್ದರೆ ಕಂಪ್ಯೂಟರಿನ ಲೆಕ್ಕದಲ್ಲಿ ಬಂದ ಆವರ್ತನಗಳನ್ನೇ ಕಳಿಸಿ, ಅದರ ಆಸುಪಾಸಿನಲ್ಲಿ ಹುಡುಕುತ್ತೇವೆ, ಸರದಿ ಬಿಟ್ಟರೆ ಮುಂದಿನದು ಚಳಿಗಾಲ ಕಳೆದ ಮೇಲೆ. ಯೋಚಿಸಿ ಹೇಳುತ್ತೇನೆಂದು ಫೋನಿಟ್ಟು ವಿದ್ಯಾರ್ಥಿನಿಯನ್ನು ಕೂರಿಸಿಕೊಂಡೆ. ಅವಳ ಫೆಲೋಶಿಪ್ ಆ ವರ್ಷಕ್ಕೆ ಮುಗಿಯುವುದಿತ್ತು. ಲೆಕ್ಕದ ಆವರ್ತನ ಕಳಿಸಿದರೆ ಅಧ್ಯಾಯವೊಂದು ಹೇಗೋ ಆಗುತ್ತಿತ್ತು.

ನಾವು ತೆಲುಗು, ಇಂಗ್ಲಿಷು ಬೆರೆಸಿ ಮಾತಾಡುವವರು. ಅವಳು ಹೇಳಿದ್ದು ಕನ್ನಡದಲ್ಲಿ ಹೀಗಾಗುತ್ತದೆ: "ಮೇಡಂ, ತಪ್ಪು ಜಾಗದಲ್ಲಿ ನೋಡಿ ಸಿಗಲಿಲ್ಲ ಅಂದ್ರೆ ನಾವೇನು ಬರೀತೀವಿ? ಆಕಾಶದಲ್ಲಿ ಇಲ್ಲ ಅಂತಾನಾ, ನಮಗೆ ಗೊತ್ತಿಲ್ಲ ಅಂತಾನಾ?"

"ನಿನ್ನ ಫೆಲೋಶಿಪ್?"

"ಬಟ್ಟಲಿನ ಅಧ್ಯಾಯ ಇದೆಯಲ್ಲ, ಅದರಲ್ಲೇ ಮುಗಿಸಬಹುದು. ಇದು ಆದರೆ ಆಗಲಿ. ಆದರೆ ಸರಿಯಾಗಿ ಆಗಲಿ."

ನಾನು ಫೋನು ಮಾಡಿ ಸರದಿಯನ್ನು ಬೇರೆಯವರಿಗೆ ಕೊಡಿ ಎಂದು ತಿಳಿಸಿದೆ. ಇಟ್ಟ ಮೇಲೆ ಎದೆ ಹಗುರಾಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಮೊದಲ ಬಾರಿಗೆ ಮುಂದಿನ ಹೆಜ್ಜೆ ಯಾವುದೆಂದು ಸ್ಪಷ್ಟವಾಗಿ ಕಂಡಿತು.

ಮುಂದಿನ ಹೆಜ್ಜೆ ಅವರ ಬಳಿಗೇ ಹೋಗುವುದು. ಸೀಸೆ ಕೇಳಲಿಲ್ಲ.

"ಸರ್, ಇದೇ ಬಾಲವನ್ನ ಯಾವುದಾದರೂ ಅಗ್ಗದ ಅಣುವಿಗೆ ಹಚ್ಚಿ ಕೊಡ್ತೀರಾ? ಲೇಸರಲ್ಲಿ ಹೊಡೆದು ನೋಡ್ತೀವಿ. ಬಾಲ ಉಳಿಯುತ್ತಾ ಇಲ್ಲವಾ, ನೀವೇ ಕೂತು ನೋಡಿ. ಉಳಿಯದಿದ್ದರೆ ನಾನು ಆ ಫ್ರಿಜ್ಜಿನ ಸುದ್ದಿಗೇ ಬರಲ್ಲ."

ಅವರು ಗದ್ದ ಕೆರೆದುಕೊಂಡರು. "ಯಾವ ಅಣುವಿಗೆ ಹಚ್ಚಲಿ?"

"ನುಸಿಗುಳಿಗೆ ಆಗಬಹುದು."

ಅವರಿಗೆ ತಕ್ಷಣ ಅರ್ಥವಾಯಿತು, ಮುಖದಲ್ಲಿ ನಗೆ ಮೂಡಿತು. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ಅಣು ಎರಡೂ ಕಡೆ ಸಮತೂಕ. ಎಷ್ಟು ತಿರುಗಿದರೂ ಅದಕ್ಕೆ ದನಿಯಿಲ್ಲ. ಬಾಲ ಇದ್ದರೆ ಮಾತ್ರ ಗೆರೆ ಬರುತ್ತದೆ, ಬಾಲ ಕಳಚಿದರೆ ಪರದೆ ಖಾಲಿ. ಈ ಸಲ ಯಾರೂ ಬಟ್ಟಲನ್ನು ಸೌಟೆಂದು ತಿಳಿದು ಚಹಾ ಕುಡಿಯುವ ಹಾಗಿರಲಿಲ್ಲ.

"ಹಚ್ಚಾಕೇನ ತ್ರಾಸಿಲ್ಲ. ಕೊಡತೀನಿ," ಎಂದರು. "ಶೀಶಾ ತುಂಬ ಕೊಡತೀನಿ. ಎಷ್ಟ ಬೇಕಾದ್ರೂ ಹಾಳಮಾಡ್ರಿ."

ನಿಜವಾಗಿಯೂ ಹಾಳುಮಾಡಿದೆವು. ಗ್ರಾಫೈಟ್ ಪುಡಿಯೊಂದಿಗೆ ಬೆರೆಸಿ ಒತ್ತಿ ಕಡ್ಡಿ ಮಾಡಿದರೆ ಲೇಸರ್ ಬಿದ್ದ ಕೂಡಲೇ ಅದು ಹಪ್ಪಳದಂತೆ ಮುರಿಯುತ್ತಿತ್ತು. ಗಟ್ಟಿಯಾಗಿ ಒತ್ತಿದರೆ ಯಂತ್ರಕ್ಕೆ ಕೂರಿಸುವಾಗ ಮುರಿಯುತ್ತಿತ್ತು. ಕಪ್ಪು ಧೂಳು ಹಂಡೆಯ ತುಂಬ ಹರಡಿ, ಲೇಸರ್ ಒಳಬರುವ ಗಾಜು ಮಸಿ ಹಿಡಿಯುತ್ತಿತ್ತು. ಮತ್ತೆ ಬಿಚ್ಚು, ಮತ್ತೆ ಒರೆಸು. ಒಮ್ಮೆ ಗೆರೆಯೊಂದು ತಲೆಯೆತ್ತಿತು, ಸಂತೋಷಪಡುವಷ್ಟರಲ್ಲಿ ಕಡ್ಡಿಯ ಅರ್ಧ ಉದುರಿ ಪಂಪಿನ ಬಾಯಿಗೆ ಬಿತ್ತು.

ಅವರು ದಿನಾ ಚಹಾದ ಹೊತ್ತಿಗೆ ಬಂದು ಸ್ಟೂಲಿನ ಮೇಲೆ ಕೂರತೊಡಗಿದ್ದರು. ಮೊದಮೊದಲು ಪರೀಕ್ಷಕರಂತೆ ಕೂರುತ್ತಿದ್ದವರು ಆಮೇಲೆ ಮುರಿದ ಕಡ್ಡಿಯ ತುಂಡುಗಳನ್ನು ಅಂಗೈಯಲ್ಲಿಟ್ಟು ತಿರುವಿ ನೋಡತೊಡಗಿದರು. ಮಳೆ ಹಿಡಿದಿತ್ತು. ಚಿಲ್ಲರ್ ತಾನಾಗಿ ಸುಮ್ಮನಾಗಿತ್ತು. ಅಂಥ ಒಂದು ಮಧ್ಯಾಹ್ನ ವಿದ್ಯಾರ್ಥಿನಿ, ಯಾರಿಗೂ ಹೇಳುತ್ತಿಲ್ಲವೆಂಬಂತೆ, "ಲೇಸರ್ ಮುಟ್ಟೋದು ಕಡ್ಡಿಯ ಚರ್ಮವನ್ನ ಮಾತ್ರ. ಒಳಗೆಲ್ಲ ಯಾಕೆ ತುಂಬ್ತಿದೀವಿ?" ಎಂದಳು.

ಅವರು ತಲೆಯೆತ್ತಿದರು. ಅವಳಿಗೆ ಅರ್ಥವಾಗಲೆಂದು ತೆಲುಗಿನಲ್ಲಿ ಶುರುಮಾಡಿ, ಉಮೇದಿಗೆ ಕನ್ನಡಕ್ಕೆ ಜಾರಿದರು. "ಖರೇ ಹೇಳ್ದಿ ನೋಡವ್ವಾ! ಗಟ್ಟಿ ಕಡ್ಡಿ ಹಂಗ ಇರ್ಲಿ. ಅದರ ಮ್ಯಾಲ ಬಣ್ಣ ಬಳದಂಗ ಬಳದ್ರಾತು. ಕರಗಿಸಿ ಹಚ್ಚೂದು, ಒಣಗಸೂದು, ಮತ್ತ ಹಚ್ಚೂದು."

ಹೇಳುವುದು ಸುಲಭವಾಗಿತ್ತು. ನಾನು ಬ್ರಷ್ಷಿನಿಂದ ಹಚ್ಚಿದೆ, ಒಂದು ಕಡೆ ಗುಡ್ಡೆ, ಒಂದು ಕಡೆ ಬೋಳು. ಹುಡುಗಿ ಸಿರಿಂಜಿನಿಂದ ಹಚ್ಚಿದಳು, ಹನಿ ದಪ್ಪನಾಗಿ ಕೆಳಗಿಳಿಯಿತು. ಅವರು ನೋಡಿ ನೋಡಿ ಸಾಕಾಗಿ ಎದ್ದು ಹೋದರು. ತಿರುಗಿ ಬಂದಾಗ ಕೈಯಲ್ಲಿ ಕೂದಲೆಳೆಯಷ್ಟು ತೆಳ್ಳನೆಯ ಗಾಜಿನ ನಳಿಕೆಗಳಿದ್ದವು. ಉರಿಯ ಮೇಲೆ ಗಾಜು ಮೆದುವಾಗಿಸಿ ಆಗ ತಾನೇ ಎಳೆದು ತಂದಿದ್ದರು. ರಸಾಯನಶಾಸ್ತ್ರದವರು ದಿನವೂ ಪದಾರ್ಥದ ಶುದ್ಧತೆ ನೋಡುವ ಹಾಳೆಗೆ ಚುಕ್ಕಿ ಇಡುವುದು ಇದರಿಂದಲೇ. ನಳಿಕೆಯ ತುದಿಯನ್ನು ದ್ರಾವಣಕ್ಕೆ ತಾಗಿಸಿದರೆ ಅದೇ ಮೇಲೇರುತ್ತದೆ, ಕಡ್ಡಿಗೆ ತಾಗಿಸಿದರೆ ಸಾಸಿವೆಗಿಂತ ಸಣ್ಣ ಚುಕ್ಕಿಯಾಗಿ ಇಳಿಯುತ್ತದೆ. ಅವರು ಚುಕ್ಕಿಯ ಪಕ್ಕ ಚುಕ್ಕಿ ಕೂರಿಸುತ್ತ ಹೋದರು, ನಾನು ಕಡ್ಡಿ ತಿರುಗಿಸುತ್ತ ಹೋದೆ.

ಆ ಕಡ್ಡಿ ಮುರಿಯಲಿಲ್ಲ. ಲೇಸರ್ ಟಕ್ ಟಕ್ ಎಂದು ಹೊಡೆಯುತ್ತಿದ್ದಂತೆ ಪರದೆಯ ಮೇಲೆ ಗೆರೆ ಎದ್ದಿತು, ಎದ್ದು ನಿಂತೇ ಇತ್ತು. ನುಸಿಗುಳಿಗೆಯ ಅಣು ಬಾಲಸಮೇತ ಹಾರಿ ಬಂದಿತ್ತು. ಈ ಸಲ ಚಪ್ಪಾಳೆ ತಟ್ಟುವ ಮೊದಲು ಹುಡುಗಿ ಲೆಕ್ಕಕ್ಕೆ ಕೂತಳು. ನಾವಿಬ್ಬರೂ ಅವಳ ಬೆನ್ನನ್ನೇ ನೋಡಿದೆವು. "ಬಾಲ ಇದೆ," ಎಂದಳು ತಿರುಗದೆಯೇ.

ಸೀಸೆಯ ಮಾತನ್ನು ನಾನು ಎತ್ತಲಿಲ್ಲ. ಅವರೂ ಎತ್ತದೆ ಹೊರಟುಹೋದರು. ಮಾರನೆಯ ದಿನ ಚಹಾದ ಹೊತ್ತಿಗೆ ಕಾಯದೆ ಬೆಳಿಗ್ಗೆಯೇ ಬಂದರು.

"ತಗೋ ತಂಗಿ," ಎಂದು ಹತ್ತಿಯ ಉಂಡೆಯನ್ನು ನನ್ನ ಕೈಗಿಟ್ಟರು. ಅಷ್ಟು ದಿನ ಮೇಡಂ ಆಗಿದ್ದವಳು ಅವತ್ತು ತಂಗಿಯಾದೆ. ಆಮೇಲೆ ಏನೋ ನೆನಪಾದವರಂತೆ ಅದನ್ನು ಮತ್ತೆ ತಾವೇ ತೆಗೆದುಕೊಂಡರು. "ಅಲ್ಲ, ನಾನ ಹಚ್ಚತೀನಿ. ಮಾಡಿದಾಂವ ನಾನು. ಮುಗಿಸೂದೂ ನನ್ನ ಕೈಲೇ ಆಗ್ಲಿ."

ಪುಡಿಯನ್ನು ಕರಗಿಸಿದರು. ದ್ರಾವಣ ಕಿಟಕಿಯ ಬೆಳಕಿನಲ್ಲಿ ತೆಳು ಹಸಿರಾಗಿ ಹೊಳೆಯಿತು. ಗಂಟೆಗಟ್ಟಲೆ ಚುಕ್ಕಿಗಳನ್ನಿಟ್ಟರು. ಹೊರಗೆ ಮಳೆ ಸುರಿಯುತ್ತಿತ್ತು. ಕಡ್ಡಿಯ ಕಪ್ಪು ಮೈ ಮೇಲೆ ತೆಳ್ಳನೆಯ ಹಳದಿ ಪಟ್ಟಿ ಮೂಡಿತು. ಸೀಸೆ ಖಾಲಿಯಾದ ಮೇಲೆ ಅದಕ್ಕೆ ಒಂದೆರಡು ಹನಿ ದ್ರಾವಕ ಹಾಕಿ ಗಲಬರಿಸಿ ಅದನ್ನೂ ಹಚ್ಚಿದರು, ಮತ್ತೆ ಹನಿ ಹಾಕಿ ಮತ್ತೆ ಗಲಬರಿಸಿದರು. ಮನೆಯಲ್ಲಿ ತುಪ್ಪದ ಪಾತ್ರೆಗೆ ಬಿಸಿ ಅನ್ನ ಹಾಕಿ ಒರೆಸಿ ತೆಗೆಯುವಂತೆ ಏನನ್ನೂ ಉಳಿಸಲಿಲ್ಲ.

ಕಡ್ಡಿಯನ್ನು ಕೂರಿಸಿ, ಹಂಡೆಯ ಬಾಗಿಲು ಬಿಗಿದು, ಗಾಳಿ ತೆಗೆದೆವು. ಲೇಸರ್ ಹಾಕಿದೆ. ಮೊದಲ ಕೆಲವು ನೂರು ತಟ್ಟುಗಳಲ್ಲಿ ಏನೂ ಕಾಣಲಿಲ್ಲ. ನಾನು ಅವರ ಕಡೆ ನೋಡಲಿಲ್ಲ. ಕೂಡಿಸುವುದು ಮುಂದುವರಿಯಿತು. ಮಧ್ಯಾಹ್ನ ಊಟದ ಹೊತ್ತು ಮೀರಿದಾಗ ಹುಲ್ಲಿನ ನಡುವೆ ಒಂದು ಮೊಳಕೆ. ಅದರ ಪಕ್ಕಕ್ಕೇ ಇನ್ನೊಂದು, ಇನ್ನೊಂದು. ಬಾಚಣಿಗೆಯ ಸಮ ಅಂತರ ಇರಲಿಲ್ಲ. ಹಲ್ಲುಗಳು ದಟ್ಟವಾಗಿ, ಗುಂಪು ಗುಂಪಾಗಿ ಬೀಳುತ್ತಿದ್ದವು. ಒಂದು ಕಡೆ ಭಾರದ ಹಿಡಿಕೆ ಇರುವ ವಸ್ತು ತಿರುಗಿದರೆ ಹೀಗೇ ಕಾಣಬೇಕು.

"ಏನ್ರಿ?" ಎಂದರು ಮೆಲ್ಲಗೆ. ಈ ಸಲ ಅವರು ಪರದೆಯ ಹತ್ತಿರ ಬರಲೇ ಇಲ್ಲ.

"ತಾಳಿ ಸರ್."

ಹುಡುಗಿ ಗೆರೆಗಳಿಗೆ ಒಂದೊಂದಾಗಿ ಗುರುತು ಹಚ್ಚುತ್ತ ಹೋದಳು. ಒಂದನ್ನು ಸರಿಯಾಗಿ ಗುರುತಿಸಿದರೆ ಮುಂದಿನದು ಎಲ್ಲಿ ಬೀಳಬೇಕೆಂದು ಲೆಕ್ಕ ಹೇಳುತ್ತದೆ, ಅಲ್ಲಿ ಗೆರೆ ಇರಬೇಕು. ಇತ್ತು. ಅದರ ಮುಂದಿನದು? ಅದೂ ಇತ್ತು. ಸಂಜೆಯ ಚಹಾ ಬಂದು ಆರಿಹೋಗುವಷ್ಟರಲ್ಲಿ ಅವಳು ಕುರ್ಚಿ ತಿರುಗಿಸಿದಳು.

"ಗರಿಟೇನೇ ಸರ್."

ಅವರು ಎದ್ದರು. ಹಂಡೆಯ ಬಳಿ ಹೋಗಿ, ಸುರಕ್ಷತೆಯ ಕನ್ನಡಕ ಹಾಕಿಕೊಂಡು, ಗಾಜಿನ ಮೂಲಕ ಒಳಗೆ ನೋಡಿದರು. ಕಡ್ಡಿ ತಿರುಗುತ್ತಿತ್ತು. ಹಳದಿಯ ಪಟ್ಟಿಯಲ್ಲಿ ಲೇಸರ್ ಓಡಿದ ದಾರಿ ಕಪ್ಪಗೆ, ಸ್ವಚ್ಛವಾಗಿ ಕಾಣುತ್ತ ಅಗಲವಾಗುತ್ತಿತ್ತು. ಪಟ್ಟಿ ಪೂರ್ತಿ ಮುಗಿಯುವವರೆಗೆ ಯಂತ್ರ ನಿಲ್ಲಿಸಬೇಡಿ ಎಂದರು. ನಾವು ನಿಲ್ಲಿಸಲಿಲ್ಲ. ಮಾರನೆಯ ದಿನವೂ ಓಡಿಸಿ ಕೊನೆಯ ಕ್ಷೀಣ ಗೆರೆಗಳನ್ನೂ ಹಿಡಿದೆವು.

ಲೆಕ್ಕದ ಆವರ್ತನಗಳೊಂದಿಗೆ ಹೋಲಿಸಿ ನೋಡಿದಾಗ ವ್ಯತ್ಯಾಸ ಬರಿಗಣ್ಣಿಗೆ ಸಣ್ಣದೇ. ಆದರೆ ದೂರದರ್ಶಕ ನೋಡುವುದು ಕೂದಲೆಳೆಯಷ್ಟು ಕಿರಿದಾದ ಕಿಂಡಿಗಳಲ್ಲಿ. ಜುಲೈಯಲ್ಲಿ ಆ ಅಂಕಿಗಳನ್ನು ಕಳಿಸಿದ್ದರೆ ನಮ್ಮ ಸೌಟು ಕಣ್ಣೆದುರೇ ಇದ್ದರೂ ಅವರು ಪಕ್ಕದ ಕಿಂಡಿಯಲ್ಲಿ ಇಣುಕಿ ವಾಪಸಾಗುತ್ತಿದ್ದರು. ವಿದ್ಯಾರ್ಥಿನಿ ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು, ನನಗೆ ತೋರಿಸಿ ನಕ್ಕಳು. ಅವಳ ಅಧ್ಯಾಯ ಫೆಲೋಶಿಪ್ ಮುಗಿಯುವ ಮುಂಚೆಯೇ ಮುಗಿಯಿತು.

ಮಳೆಗಾಲ ಕಳೆಯಿತು. ಅವರು ನಿವೃತ್ತರಾಗಿ ಹಿಮಾಯತ್‌ನಗರದ ಮನೆಯಲ್ಲಿ ಆರಾಮವಾಗಿದ್ದರು. ಚಳಿಗಾಲ ಮುಗಿಯುತ್ತಲೇ ಖಗೋಳದ ಗುಂಪಿಗೆ ಸರದಿ ಬಂತು, ನಮ್ಮ ಗೆರೆಗಳನ್ನು ಹಿಡಿದುಕೊಂಡು ಆ ಮೋಡವನ್ನು ನೋಡಿದರು. ಉತ್ತರ ಬಂದ ದಿನ ನಾನೂ ವಿದ್ಯಾರ್ಥಿನಿಯೂ ಫೋನು ಮಾಡದೆ ಅವರ ಮನೆಗೇ ಹೋದೆವು. ಭಾನುವಾರದ ಬೆಳಗು. ಬೀದಿಯ ಅಂಗಡಿಗಳು ಇನ್ನೂ ಬಾಗಿಲು ತೆರೆಯುತ್ತಿದ್ದವು. ಅವರು ಬನಿಯನ್ನಿನಲ್ಲಿ ಕೂತು ಪೇಪರ್ ಓದುತ್ತಿದ್ದವರು ನಮ್ಮನ್ನು ಕಂಡು ಅಂಗಿ ಹುಡುಕಿದರು.

"ಹೇಳು ತಂಗಿ. ಐತೋ ಇಲ್ಲೋ?"

"ಆ ಮೋಡದಲ್ಲಿ ಇಲ್ಲ ಸರ್. ಇದ್ದರೂ ಅವರ ದೂರದರ್ಶಕಕ್ಕೆ ಕಾಣೋದಕ್ಕಿಂತ ಕಡಿಮೆ ಇರಬೇಕು."

"ಖಾತ್ರಿ?"

"ಖಾತ್ರಿ. ಸರಿಯಾದ ಜಾಗದಲ್ಲೇ ನೋಡಿದ್ದಾರೆ."

ಅವರು ಅಂಗಿಯ ಗುಂಡಿ ಹಾಕುವುದನ್ನು ನಿಲ್ಲಿಸಿದರು. ಆಮೇಲೆ ನಗು ತಡೆಯದೆ ಅವರ ಹೊಟ್ಟೆ ಕುಲುಕತೊಡಗಿತು. ಅಡುಗೆಮನೆಯ ಕಡೆ ತಿರುಗಿ ಹೆಂಡತಿಗೆ ಕೂಗಿ ಹೇಳಿದರು: "ಕೇಳಿದೇನ? ಅಷ್ಟ ದೊಡ್ಡ ಮೋಡ ಹುಡುಕ್ಯಾರ, ಸಿಕ್ಕಿಲ್ಲಂತ. ನಮ್ಮ ತಾರ್ನಾಕದಾಗಷ್ಟ ಇತ್ತಂತ!"

ಅವರ ಹೆಂಡತಿ ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ನಗುತ್ತಿರುವ ಗಂಡನನ್ನೂ, ನಮ್ಮಿಬ್ಬರನ್ನೂ ಸರದಿಯಾಗಿ ನೋಡಿದರು.

"ಅಲ್ಲೂ ಇಲ್ಲ. ಇಲ್ಲೂ ಈಗ ಇಲ್ಲ. ಮತ್ತ ಮೂರೂ ಮಂದಿಗೆ ಇಷ್ಟ್ಯಾಕ ಖುಷಿ?"

ಉತ್ತರ ಹೇಳಲು ಸರ್ ಬಾಯಿ ತೆರೆದರು, ಮತ್ತೆ ನಗು ಬಂತು. ನನಗೂ ಬಂತು. ಕನ್ನಡ ಬಾರದ ನನ್ನ ವಿದ್ಯಾರ್ಥಿನಿ, ಆಕೆ ಕೇಳಿದ್ದೇನೆಂದು ಅದು ಹೇಗೆ ಅರ್ಥಮಾಡಿಕೊಂಡಳೋ, ಎದ್ದು ಹೋಗಿ ಆಕೆಯ ಕೈಯಿಂದ ತಟ್ಟೆ ತೆಗೆದುಕೊಂಡು ತಾನೂ ನಗತೊಡಗಿದಳು.